ಹಳದಿ ದೋಣಿಗೆ ಗಾಡಿ ಹುಡುಕಿ ಹೊರಟದ್ದು

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಹಿರಿಯೂರು ಬಿಟ್ಟೆವು. ನಾವು ಎಂದರೆ ನಾನು, ನಮ್ಮ ಯಜಮಾನರು ತಿಪ್ಪೇಸ್ವಾಮಿ, ಮತ್ತು ನಮ್ಮ ಸಣ್ಣ ಕಾರಿನ ನೆತ್ತಿಯ ಮೇಲೆ ಬೋರಲಾಗಿ ಮಲಗಿದ್ದ ಹನ್ನೊಂದು ಅಡಿಯ ಹಳದಿ ಕಯಾಕ್. ಕಯಾಕ್ ಎಂದರೆ ಒಬ್ಬರೇ ಕೂತು ಹುಟ್ಟು ಹಾಕಿಕೊಂಡು ಹೋಗುವ ಪ್ಲಾಸ್ಟಿಕ್ ದೋಣಿ. ಗಾಳದ ಕಡ್ಡಿ ಸಿಕ್ಕಿಸಲು ಅದರಲ್ಲಿ ಎರಡು ತೂತುಗಳಿವೆ. ಅದನ್ನು ಕಾರಿನ ಮೇಲೆ ಏರಿಸಿ ಕಟ್ಟಿಕೊಟ್ಟದ್ದು ಎದುರು ಮನೆಯ ಅಣ್ಣತಮ್ಮಂದಿರು. ಅವರು ಏರಿಸುತ್ತಿದ್ದಷ್ಟು ಹೊತ್ತೂ ಯಜಮಾನರು ಗೇಟಿನ ಹತ್ತಿರ ನಿಂತು ಬೇರೆ ಕಡೆ ನೋಡುತ್ತಿದ್ದರು.

ದೋಣಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಎರಡು ದಿನದಲ್ಲಿ ಸಿಕ್ಕವರೆಲ್ಲ "ಸಾರು ಮೀನು ಹಿಡೀತಾರಾ?" ಎಂದು ಕೇಳಿ ಕೇಳಿ ನನ್ನ ತಲೆ ಕೆಡಿಸಿದ್ದಾರೆ. ಸಾರು ಮೀನು ತಿನ್ನುತ್ತಾರೆ. ಹಿಡಿಯುವವಳು ನಾನು. ವಾರವೆಲ್ಲ ಮಷೀನಿನ ಮುಂದೆ ಬಗ್ಗಿ ಕೂತು ಊರವರ ರವಿಕೆ ಹೊಲಿಯುತ್ತೇನೆ. ಭಾನುವಾರ ಮಾತ್ರ ಮಾರಿಕಣಿವೆಯ ಹಿನ್ನೀರಿನಲ್ಲಿ, ಅಲ್ಲಿ ಮೀನಿನ ಟೆಂಡರ್ ಹಿಡಿದವರ ಒಪ್ಪಿಗೆ ಪಡೆದು, ಎರಡು ತಾಸು ಗಾಳ ಬಿಟ್ಟು ಕೂರುತ್ತೇನೆ. ಆ ಎರಡು ತಾಸು ಯಾರೂ ನನಗೆ ತೋಳು ಬಿಗಿಯಾಯಿತು, ಕುತ್ತಿಗೆ ಸಡಿಲವಾಯಿತು ಎಂದು ಹೇಳುವುದಿಲ್ಲ. ಒಂದು ರೆಸಾರ್ಟಿನವರು ಬಾಗಿಲು ಮುಚ್ಚುವಾಗ ಅಗ್ಗಕ್ಕೆ ಕೊಟ್ಟ ದೋಣಿ ಅದು. ಯಜಮಾನರು ಸಾರಿಗೆ ಬಸ್ಸು ಓಡಿಸಿ ನಿವೃತ್ತರಾದವರು. ದೋಣಿ ಬಂದಾಗಿನಿಂದ ಅದನ್ನು ಕಾರಿಗೆ ಏರಿಸುವುದು, ನೀರಿಗೆ ಇಳಿಸುವುದು ಅವರ ಕೆಲಸವಾಗಿತ್ತು. ನಾನು ನೀರಿನ ಮೇಲಿರುವಾಗ ಅವರು ದಡದಲ್ಲಿ ಪೇಪರ್ ಓದುತ್ತಿದ್ದರು.

ಹೋದ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಅವರ ಬಲಭುಜ ಮುರಿಯಿತು. ಕೂಡಿಕೊಂಡಿದೆ, ಆದರೆ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಆ ಕೈಯಿಂದ ಭಾರ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಂದಿನಿಂದ ದೋಣಿ ಹಿತ್ತಲಲ್ಲಿ ತಾಡಪಾಲಿನ ಕೆಳಗಿತ್ತು. ವಾರವಾರ ಎದುರು ಮನೆಯವರನ್ನು ಕರೆಯುವುದು ಇವರಿಗೆ ಆಗದು, ಕರೆದರೂ ಅವರು ಹಿನ್ನೀರಿನ ತನಕ ಬರುತ್ತಾರೆಯೇ. ಹೋಗಲಿ, ಮಾರಿಬಿಡೋಣ ಎಂದು ನಾನೇ ಬಾಯಿಬಿಟ್ಟೆ. ತುಮಕೂರಿನ ಒಬ್ಬರು ಕೊಳ್ಳುತ್ತೇನೆ ಎಂದರು, ಶನಿವಾರ ಸಂಜೆ ಫೋನ್ ಮಾಡುತ್ತೇನೆ, ಹೂಂ ಅಥವಾ ಉಹೂಂ ಹೇಳಿಬಿಡಿ ಎಂದರು. ಅದನ್ನು ಕೇಳಿ ಯಜಮಾನರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, "ಕಾರಿನ ಹಿಂದೆ ಕಟ್ಟೋ ಗಾಡಿ ಮಾಡ್ಸೋಣ. ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಕೊಟ್ಬಿಡು," ಎಂದರು. ಅನ್ನ ನೋಡಿಕೊಂಡೇ ಹೇಳಿದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೊಂದಲ. ಬೆಂಗಳೂರಿನ ರೆಡಿಮೇಡ್ ಟ್ರೇಲರ್‌ನ ಬೆಲೆ ಕೇಳಿದರೆ ನಮ್ಮ ಕಾರನ್ನು ಮಾರಿ ತರಬೇಕು. ಫೋನಿನಲ್ಲಿ ವಿಡಿಯೋ ನೋಡಿದರೆ ಒಬ್ಬ ಒಂದೇ ಚಕ್ರ ಸಾಕು ಅನ್ನುತ್ತಾನೆ, ಇನ್ನೊಬ್ಬ ಒಂದು ಚಕ್ರ ಹಾಕಿದವನು ಕೆಟ್ಟ ಅನ್ನುತ್ತಾನೆ. ಕೊನೆಗೆ ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿ ಮಾಡುವ ಜಬ್ಬಾರ್ ಭಾಯ್ ಎಂಬವರಿಗೆ ಫೋನಿನಲ್ಲೇ ಅಳತೆ ಹೇಳಿ ಮುಂಗಡ ಕಳಿಸಿದೆ. ಅಳತೆ ತೆಗೆದವಳು ನಾನೇ. ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. "ಸಾಮಾನು ತಗೊಂಡೇ ಬನ್ನಿ ಅಕ್ಕಾ, ಕೂರ್ಸಿ ನೋಡಿ ಕೊಡ್ತೀನಿ," ಎಂದಿದ್ದರು.

ಹಿರಿಯೂರಿನಿಂದ ಚಳ್ಳಕೆರೆಗೆ ಮಾಮೂಲಾಗಿ ಮುಕ್ಕಾಲು ಗಂಟೆ ಸಾಕು. ನಮಗೆ ಒಂದೂವರೆ ಗಂಟೆ ಹಿಡಿಯಿತು. ಮಾರ್ಗಶಿರದ ಚಳಿಗಾಳಿ ಅಡ್ಡ ಬೀಸುತ್ತಿತ್ತು, ದೋಣಿ ಕಟ್ಟಿದ್ದ ಬೆಲ್ಟುಗಳು ಗುಂಯ್ ಎನ್ನುತ್ತಿದ್ದವು. ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಕೂತವರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಗೇರು ಇಳಿಸು, ಎಡಕ್ಕೆ ಹೋಗು, ಹಾರನ್ ಹೊಡಿ, ಈಗ್ಯಾಕೆ ಹೊಡೆದೆ. ಟೋಲಿನವನು ಕಿಟಕಿಯಿಂದ ಕತ್ತು ಹೊರಹಾಕಿ ನೆತ್ತಿಯ ಮೇಲಿದ್ದುದನ್ನು ನೋಡಿ, "ಬೋರ್‌ವೆಲ್ ಸಾಮಾನಾ?" ಎಂದು ಕೇಳಿದ. ಹೌದೆಂದು ಹೇಳಿ ಮುಂದೆ ಹೋದೆವು. ರಸ್ತೆಯ ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು, ಬಳ್ಳಿಯ ಬಣವೆಗಳು.

ಚಳ್ಳಕೆರೆಯಲ್ಲಿ ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಇಬ್ಬರಿಗೂ ಸೇರಿ ನೂರು ರೂಪಾಯಿ ದಾಟಲಿಲ್ಲ. ಗಾಣದೆಣ್ಣೆಯ ವಾಸನೆಯ ಬೀದಿ ದಾಟಿ ಪಾವಗಡ ರಸ್ತೆಯ ಶೆಡ್ಡಿಗೆ ಹೋದೆವು. ಜಬ್ಬಾರ್ ಭಾಯ್ ಬಿಳಿ ಗಡ್ಡದ, ದಪ್ಪ ಕನ್ನಡಕದ ಮನುಷ್ಯ. ಮನೆಯವರೊಂದಿಗೆ ಫೋನಿನಲ್ಲಿ ಉರ್ದು ಮಾತಾಡುತ್ತಿದ್ದವರು ನಮ್ಮನ್ನು ಕಂಡು ಕನ್ನಡಕ್ಕೆ ಬಂದರು. "ಬನ್ನಿ ಸಾರ್, ನಿಮ್ಮ ಗಾಡಿ ರೆಡಿ ಐತೆ. ಬಣ್ಣ ಒಂದು ಬಾಕಿ."

ಗಾಡಿ ನೋಡಿ ನಾನು ಅಲ್ಲೇ ನಿಂತೆ. ಅದು ನಮ್ಮ ಕಾರಿಗಿಂತ ಅಗಲವಾಗಿತ್ತು. ಎರಡು ಎಮ್ಮೆ ಪಕ್ಕಪಕ್ಕ ಮಲಗಬಹುದಿತ್ತು.

"ಇದೇನ್ರಿ ಭಾಯ್, ಇಷ್ಟಗಲ?" ಎಂದೆ.

"ನೀವು ಹೇಳಿದ್ದೇ ಅಕ್ಕಾ. ಎಂಬತ್ತು ಇಂಚು."

"ಎಂಬತ್ತು ಇಂಚೇ ಐತೆ ನಮ್ಮ ದೋಣಿ. ನಾನೇ ಅಳೆದೀನಿ."

ಭಾಯ್ ಕಾರಿನ ಮೇಲಿದ್ದ ದೋಣಿ ನೋಡಿದರು, ಯಜಮಾನರ ಮುಖ ನೋಡಿದರು, ಜೇಬಿನಿಂದ ಉಕ್ಕಿನ ಟೇಪು ತೆಗೆದರು. ಶೆಡ್ಡಿನವರು ದೋಣಿ ಇಳಿಸಿದರು. ಭಾಯ್ ಅದರ ಮೇಲೆ ಅಡ್ಡಡ್ಡಲಾಗಿ ಟೇಪು ಎಳೆದು, "ಮೂವತ್ನಾಲ್ಕು," ಎಂದರು. ನಾನು ಸುಮ್ಮನಿರುತ್ತೇನೆಯೇ. ಚೀಲದಿಂದ ನನ್ನ ಟೇಪು ತೆಗೆದು, ದೋಣಿಯ ಹೊಟ್ಟೆಗೆ ಸುತ್ತು ಹಾಕಿ, ತುದಿಗೆ ತುದಿ ಕೂಡಿಸಿ ತೋರಿಸಿದೆ. ಎಂಬತ್ತು. ಒಂದು ಗೆರೆಯೂ ಆಚೆಯಿಲ್ಲ, ಈಚೆಯಿಲ್ಲ.

ನಾನು ಸುತ್ತು ಹಾಕಿದ ಟೇಪನ್ನು ಹಿಡಿದುಕೊಂಡೇ ನಿಂತಿದ್ದೆ. ನಿಧಾನವಾಗಿ ತಲೆಗೆ ಹೋಯಿತು. ಇಪ್ಪತ್ತೈದು ವರ್ಷದಿಂದ ಎದುರಿಗೆ ಬಂದು ನಿಂತವರಿಗೆಲ್ಲ ಎದೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು ಹಾಕಿಯೇ ಅಳೆದ ಕೈ ಇದು. ದೋಣಿಗೂ ರವಿಕೆಯ ಅಳತೆ ತೆಗೆದಿತ್ತು.

"ದೋಣಿಗೆ ಬ್ಲೌಸ್ ಹೊಲ್ಸಾಕೆ ಬಂದಂಗಾಯ್ತು," ಎಂದರು ಯಜಮಾನರು. ಭಾಯ್ ನಗಲಿಲ್ಲ, ದೊಡ್ಡತನ. "ಅಕ್ಕಂದೂ ಬರಾಬರ್, ನಂದೂ ಬರಾಬರ್," ಎಂದಷ್ಟೇ ಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ನಾಳೆ ಸಂಜೆಯೊಳಗೆ ಬೇಕಿತ್ತು ಎಂದು ಯಜಮಾನರು ವಿಷಯ ಹೇಳಿದರು. ಭಾಯ್ ಗಡ್ಡ ಕೆರೆದುಕೊಂಡರು. "ಇವತ್ತು ಜುಮ್ಮಾ. ನಮಾಜ್ ಮುಗಿಸ್ಕೊಂಡು ಬಂದ್ಮೇಲೆ ಬೇರೆ ಕೆಲಸ ಒಪ್ಪಿದೀನಿ. ಒಂದು ಕೆಲಸ ಮಾಡಿ. ಮೊಳಕಾಲ್ಮೂರಲ್ಲಿ ಶಾಮಿಯಾನ ಅಂಗಡಿ ಓಬಣ್ಣ ಅಂತ. ಅವ್ರಿಗೆ ಜನರೇಟರ್ ಎಳೆಯಾಕೆ ಸಣ್ಣ ಟ್ರೇಲರ್ ಮಾಡ್ಕೊಟ್ಟಿದ್ದೆ. ಈಗ ಮಾರ್ತೀನಿ ಅಂತಾವ್ರೆ. ಅಗ್ಗಕ್ಕೆ ಸಿಗ್ತೈತೆ. ನೋಡ್ಕೊಂಡು ಬನ್ನಿ, ಆಗ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ನಾನಿದೀನಿ." ಶೆಡ್ಡಿನವರು ದೋಣಿಯನ್ನು ಮತ್ತೆ ಕಾರಿನ ಮೇಲೆ ಏರಿಸಿದರು.

ಮೊಳಕಾಲ್ಮೂರಿನ ದಾರಿಯ ತಳಕಿನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಅದೇ ತಪ್ಪಾಯಿತು. ಟೀ ಅಂಗಡಿಯ ಮುಂದೆ ಕೂತಿದ್ದ ಕುರಿ ಸಾಕುವ ಹಿರಿಯರೊಬ್ಬರು ದೋಣಿಯ ಸುತ್ತ ಎರಡು ಸಲ ಸುತ್ತಿ, ಬೆರಳಿನಿಂದ ತಟ್ಟಿ ನೋಡಿ, "ತೊಟ್ಟಿ ಗಟ್ಟಿ ಐತೆ. ಎಷ್ಟು ಕುರಿ ಒಟ್ಟಿಗೆ ನೀರು ಕುಡೀತಾವೆ?" ಎಂದು ಕೇಳಿದರು. ಇದು ತೊಟ್ಟಿಯಲ್ಲ, ನೀರು ಒಳಗಿರುವುದಲ್ಲ, ಹೊರಗಿರುವುದು ಎಂದು ವಿವರಿಸಿದೆ. "ಇಲ್ಲಿ ನೀರೆಲ್ಲೈತವ್ವಾ?" ಎಂದರು.

ಗಾಡಿ ಹುಡುಕುತ್ತಿದ್ದೇವೆ ಎಂದು ತಿಳಿದದ್ದೇ ತಡ, ಅಲ್ಲಿದ್ದವರೆಲ್ಲ ಪಂಡಿತರಾದರು. ಸ್ಪ್ರಿಂಗ್ ಪಟ್ಟಿ ಇಲ್ಲದಿದ್ದರೆ ಗುಂಡಿ ರಸ್ತೆಯಲ್ಲಿ ದೋಣಿ ಸೀಳುತ್ತದೆ ಎಂದ ಒಬ್ಬ. ಪಟ್ಟಿ ಹಾಕಿದರೆ ಹಗುರ ಸಾಮಾನು ಚೆಂಡಿನಂತೆ ಕುಣಿದು ರಸ್ತೆಗೆ ಬೀಳುತ್ತದೆ ಎಂದ ಅವನ ಪಕ್ಕದವನು. ಸ್ಕೂಟರ್ ಚಕ್ರ, ಇಲ್ಲ ಕಾರಿನ ಚಕ್ರ, ಇಲ್ಲ ಆಟೋದ್ದು. ಆರ್‌ಟಿಓದಲ್ಲಿ ನಂಬರ್ ಮಾಡಿಸಬೇಕು, ಬೇಡ, ಟ್ರ್ಯಾಕ್ಟರಿಗೆ ಮಾತ್ರ, ಯಾರ್ ಹೇಳಿದ್ದಲೇ ನಿಂಗೆ. ಎಲ್ಲರೂ ಖಡಾಖಂಡಿತವಾಗಿ ಹೇಳುತ್ತಿದ್ದರು, ಇಬ್ಬರು ಹೇಳಿದ್ದು ಒಂದೇ ಆಗಿರಲಿಲ್ಲ. ಟೀಗೆ ನಾವು ದುಡ್ಡು ಕೊಡಲು ಹೋದರೆ ಕುರಿಯ ಹಿರಿಯರು ಬಿಡಲಿಲ್ಲ. ತೊಟ್ಟಿ ಮಾರುವಾಗ ಹೇಳಿ ಎಂದರು.

ಹಾನಗಲ್ ಎಂಬ ಹಳ್ಳಿಯ ಹತ್ತಿರ ಹೆದ್ದಾರಿ ಬಿಟ್ಟು ತಿರುಗಿ, ಬಂಡೆಗುಡ್ಡಗಳ ನಡುವೆ ಮೊಳಕಾಲ್ಮೂರು ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು. ಓಬಣ್ಣನವರ ಅಂಗಡಿ ಹುಡುಕುತ್ತ ನೇಕಾರರ ಬೀದಿಗೆ ಹೋಗಿಬಿಟ್ಟೆವು. ಮಗ್ಗದ ಲಟಪಟ ಸದ್ದು ಕೇಳಿ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. "ಸೀರೆಗೆ ಬಂದಿದ್ದಲ್ಲ," ಎಂದರು ಯಜಮಾನರು. ಗೊತ್ತು ಮಾರಾಯರೇ, ನೋಡಲೂ ಬಾರದೇ.

ಓಬಣ್ಣ ಹಾಲು ಬಿಳುಪಿನ ಪಂಚೆಯ, ದೊಡ್ಡ ದನಿಯ ಮನುಷ್ಯ. ಒಂದು ಮಾತು ಕನ್ನಡ, ಒಂದು ಮಾತು ತೆಲುಗು. ಟ್ರೇಲರ್ ತೋರಿಸಿದರು. ಅಗಲ ಸರಿಯಾಗಿತ್ತು. ಈ ಸಲ ನಾನು ಅಡ್ಡವೇ ಅಳೆದೆ. ಬೆಲೆಯೂ ನಮ್ಮ ಕೈಗೆಟುಕುವಂತಿತ್ತು. ಕಂಬಿಗಳು ನನ್ನ ತೊಡೆಯಷ್ಟು ದಪ್ಪ. ನನಗೆ ಹೋದ ಜೀವ ಬಂದಂತಾಯಿತು.

"ಆನೇನೂ ಹೊರ್ತೈತೆ ಅಮ್ಮಾ ಇದು," ಎಂದರು ಓಬಣ್ಣ. "ಕಾರಿನ ಹಿಂದೆ ಹಿಡಿದು ನೋಡೋಣ." ಒಳಗೆ ತಿರುಗಿ ಕೂಗಿದರು, "ಒರೇಯ್, ನಲುಗುರು ರಂಡ್ರಾ." ನಾಲ್ಕು ಜನ ಬನ್ನಿ ಎಂದು. ನಾಲ್ಕು ಜನ ಬಂದರು. ಕಾರಿಗೆ ಸಿಕ್ಕಿಸುವ ಮುಂದಿನ ಕಂಬಿಯನ್ನು, ನಮ್ಮ ಕಡೆ ಮೂಕಿ ಅನ್ನುತ್ತೇವಲ್ಲ ಅದನ್ನು, ನಾಲ್ವರೂ ಹಿಡಿದು ಉಸಿರು ಕಟ್ಟಿ ಎತ್ತಿದರು.

ನಾಲ್ವರು ಕೆಳಗಿಟ್ಟ ಮೇಲೆ ಯಜಮಾನರು ಹೋಗಿ ಎಡಗೈಯಿಂದ ಮೂಕಿ ಹಿಡಿದರು. ಬೇಡ ಅನ್ನುವಷ್ಟರಲ್ಲಿ ಎಳೆದರು. ಅದು ಅಲುಗಲಿಲ್ಲ. ಇನ್ನೊಮ್ಮೆ ಎಳೆದರು. ಬಲಗೈ ತಾನಾಗಿ ಸಹಾಯಕ್ಕೆ ಹೋಯಿತು, ಭುಜ ಹಿಡಿದುಕೊಂಡಿತು, ಮುಖ ಕಿವುಚಿಕೊಂಡು ನಿಂತರು. ಓಬಣ್ಣನ ಕೆಲಸದವರು ಪಾಪ, ನೋಡದವರಂತೆ ಕುರ್ಚಿ ಜೋಡಿಸಲು ಹೋದರು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲಾರೆ. ಎತ್ತಲು ಜನ ಬೇಡವೆಂದು ಗಾಡಿ ಹುಡುಕಿ ಬಂದರೆ, ಗಾಡಿ ಎತ್ತಲು ನಾಲ್ಕು ಜನ ಬೇಕು.

ಆವತ್ತು ಅಲ್ಲೇ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಉಳಿದೆವು. ಗಾಡಿ ಬೇಡವೆಂದರೂ ಓಬಣ್ಣ ಬೇಸರಪಡದೆ ತಮ್ಮ ಅಂಗಳದಲ್ಲೇ ಕಾರು ನಿಲ್ಲಿಸಿಕೊಂಡು, ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ಉಣ್ಣುತ್ತ ಯಜಮಾನರು, "ತುಮಕೂರಿನೋರಿಗೆ ಹೂಂ ಅಂದ್ಬಿಡು," ಎಂದರು. ನಾನು ಚಟ್ನಿ ಖಾರ ಎಂದೆ. ಒಂದು ಚಕ್ರವೋ ಎರಡೋ, ಪಟ್ಟಿ ಬೇಕೋ ಬೇಡವೋ, ಮಾರುವುದೋ ಉಳಿಸಿಕೊಳ್ಳುವುದೋ, ನನ್ನ ತಲೆ ಕಲಸುಮೇಲೋಗರವಾಗಿತ್ತು. ಅವರ ನೋವಿಗೆ ಕಾರಣವಾದ ಆ ಹಳದಿ ಪ್ಲಾಸ್ಟಿಕ್ಕು ನನಗೆ ಅಷ್ಟು ಬೇಕೇ ಎಂದೂ ಅನ್ನಿಸಿತು. ಬೇಕು ಎಂದೂ ಅನ್ನಿಸಿತು.

ಶನಿವಾರ ಬೆಳಿಗ್ಗೆ ಲಾಡ್ಜಿನ ಮೆಟ್ಟಿಲು ಇಳಿಯುವಾಗ ಅವರು ನಮ್ಮ ಎರಡೂ ಚೀಲಗಳನ್ನು ಎಡಗೈಯಲ್ಲಿ ಹಿಡಿದು ನನ್ನ ಮುಂದೆ ಹೋಗುತ್ತಿದ್ದರು. ಕೊಡಿ ಎಂದರೆ ಕೊಡಲಿಲ್ಲ. ಆ ಕೈ ನೇರವಾಗಿ ಇಳಿಬಿದ್ದಿತ್ತು, ಮುಷ್ಟಿ ತೊಡೆಯ ಪಕ್ಕಕ್ಕೆ ಬಂದಿತ್ತು. ಎರಡು ಚೀಲ ಸೇರಿ ಹತ್ತು ಕಿಲೋ ಇದ್ದಾವು. ಸಲೀಸಾಗಿ ಇಳಿಯುತ್ತಿದ್ದರು. ಹೊಲಿಯುವವಳ ಕಣ್ಣು ನನ್ನದು, ಮನುಷ್ಯರನ್ನು ನೋಡಿದರೆ ಮೊದಲು ಅಳತೆಯೇ ಕಾಣುವುದು. ಭುಜದಿಂದ ಮುಷ್ಟಿಗೆ ಇಷ್ಟು, ಮುಷ್ಟಿಯಿಂದ ನೆಲಕ್ಕೆ ಇಷ್ಟು. ಅಷ್ಟು ದಿನ ನಾನು ದೋಣಿಯನ್ನು ಅಳೆಯುತ್ತಿದ್ದೆ. ಎತ್ತಬೇಕಾದವರನ್ನು ಅಳೆದೇ ಇರಲಿಲ್ಲ.

"ಬೇಗ ಕೂತ್ಕೊಳ್ರಿ, ಚಳ್ಳಕೆರೆಗೆ ಹೋಗೋಣ," ಎಂದೆ.

"ಮತ್ತೇನೇ?"

"ಕೂತ್ಕೊಳ್ರಿ ಅಂದೆ."

ತಳಕಿನಲ್ಲಿ ನಿಲ್ಲಿಸಲೇ ಇಲ್ಲ. ಜಬ್ಬಾರ್ ಭಾಯ್ ಶೆಡ್ಡು ಮುಟ್ಟಿದಾಗ ನಮ್ಮ ಆ ಎಮ್ಮೆಮಂಚದ ಮೇಲೆ ಪರಶುರಾಂಪುರದ ಈರುಳ್ಳಿ ಬೆಳೆಗಾರರೊಬ್ಬರು ಕೂತು ಬೀಡಿ ಸೇದುತ್ತಿದ್ದರು. ಅವರ ಟ್ರ್ಯಾಕ್ಟರಿಗೆ ಅದು ಹೇಳಿ ಮಾಡಿಸಿದಂತೆ ಆಗುತ್ತದಂತೆ. ಕುರಿಯನ್ನೂ ಸಾಗಿಸಬಹುದಂತೆ. "ನಿಮ್ಮ ತಪ್ಪಿಗೆ ಗಿರಾಕಿ ಸಿಕ್ಕಿದ್ರು ಅಕ್ಕಾ," ಎಂದರು ಭಾಯ್. "ನಿಮ್ಮ ಮುಂಗಡ ಹಂಗೇ ಐತೆ. ಈ ಸಲ ಏನು ಅಳತೆ ಕೊಡ್ತೀರಾ?"

"ಇವ್ರದ್ದು," ಎಂದೆ.

ಟೇಪು ತೆಗೆದು ಯಜಮಾನರನ್ನು ಶೆಡ್ಡಿನ ನಡುವೆ ನಿಲ್ಲಿಸಿದೆ. "ಲೇ, ಏನ್ ಮಾಡ್ತೀಯೇ, ಜನ ನೋಡ್ತಾವ್ರೆ," ಎಂದರು. ನೆಟ್ಟಗೆ ನಿಲ್ರಿ ಎಂದೆ. ನಿಂತರು. ಎಡಮುಷ್ಟಿಯಿಂದ ನೆಲಕ್ಕೆ ಇಪ್ಪತ್ತೊಂಬತ್ತು ಇಂಚು. ಮೊಣಕೈ ಮಡಿಸದೆ ಕೈ ಎಷ್ಟು ಮುಂದೆ ಹೋಗುತ್ತದೆ, ಎಷ್ಟು ಹಿಂದೆ, ಎಲ್ಲ ಹೇಳಿದೆ, ಭಾಯ್ ಸೀಮೆಸುಣ್ಣದಲ್ಲಿ ಕಬ್ಬಿಣದ ಹಾಳೆಯ ಮೇಲೆ ಬರೆದುಕೊಂಡರು. ಮೂಕಿಯ ಹಿಡಿ ಆ ಎತ್ತರಕ್ಕಿರಬೇಕು. ಹಿಡಿದರೆ ಈ ಎರಡು ಚೀಲಕ್ಕಿಂತ ಹೆಚ್ಚು ಭಾರ ಇರಬಾರದು. ಬಲಗೈ ಜೇಬಿನಲ್ಲಿರಬೇಕು. ಚಕ್ರ, ಪಟ್ಟಿ, ಕಂಬಿ ಎಲ್ಲ ನಿಮ್ಮಿಷ್ಟ.

"ಚೀಲ ಇಲ್ಲಿ ಕೊಡಿ ಸಾರ್," ಎಂದು ಭಾಯ್ ಚೀಲಗಳನ್ನು ಎತ್ತಿ ನೋಡಿದರು. "ನಾನು ಇಷ್ಟು ವರ್ಷ ಎಷ್ಟು ಮೂಟೆ ಹೊರಬೇಕು ಅಂತಾನೇ ಕೇಳಿ ಮಾಡಿದೀನಿ. ಇದು ಬೇರೆ ಲೆಕ್ಕ," ಎಂದು ತೆಳು ಪೈಪು ಹುಡುಕಲು ಹೋದರು.

ಮಧ್ಯಾಹ್ನದ ಹೊತ್ತು ನಾವು ಶೆಡ್ಡಿನ ನೆರಳಲ್ಲೇ ಕೂತಿದ್ದೆವು. ಭಾಯ್ ಮೂರು ಸಲ ಮಾಡಿ ಮೂರು ಸಲ ಬಿಚ್ಚಿದರು. ಮೊದಲು ಮೂಕಿ ಭಾರವಾಯಿತು, ಆಮೇಲೆ ಹಿಂಭಾರವಾಗಿ ಮೂಕಿಯೇ ಆಕಾಶಕ್ಕೆ ಎದ್ದಿತು, ಚಕ್ರವನ್ನು ಮುಂದೆ ಹಿಂದೆ ಸರಿಸುತ್ತ ಹೋದರು. ಕೊನೆಗೆ ದೋಣಿ ಕೂರಿಸಿ, "ಸಾರ್, ಹಿಡೀರಿ," ಎಂದರು. ಯಜಮಾನರು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಎಡಗೈಯಿಂದ ಹಿಡಿದು ಎತ್ತಿದರು. ಎದ್ದಿತು. ಶೆಡ್ಡಿನ ಆ ಬಾಗಿಲ ತನಕ ಎಳೆದುಕೊಂಡು ಹೋಗಿ, ತಿರುಗಿಸಿಕೊಂಡು ಬಂದರು. ಇನ್ನೊಂದು ಸುತ್ತು ಹೋದರು. ಸಣ್ಣ ಸ್ಕೂಟರ್ ಚಕ್ರ, ಬಣ್ಣವಿಲ್ಲದ ಪೈಪು, ನೋಡಲು ಶವದ ಚಟ್ಟದ ಹಾಗಿತ್ತು. ನನಗೆ ಮಾತ್ರ ಬಹಳ ಚಂದ ಕಂಡಿತು.

ಕಾರಿನ ಹಿಂದೆ ಕೊಕ್ಕೆ ಬೆಸೆದು, ಕೆಂಪು ಬಟ್ಟೆಯೊಂದನ್ನು ದೋಣಿಯ ಬಾಲಕ್ಕೆ ಕಟ್ಟಿ ಭಾಯ್ ನಮ್ಮನ್ನು ಬೀಳ್ಕೊಟ್ಟಾಗ ಮೂರೂವರೆ. ನಂಬರ್ ಮಾಡಿಸಬೇಕಾ ಎಂದು ಕೇಳಿದೆ. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೋಮವಾರ ಹೋಗಿ ಕೇಳಬೇಕು. ಬರುವಾಗ ಇದ್ದ ಗುಂಯ್ ಸದ್ದು ಹೋಗಿ ಹಿಂದೆ ಗಡಗಡ ಸದ್ದು ಶುರುವಾಗಿತ್ತು. ಯಜಮಾನರು ಒಮ್ಮೆಯೂ ಗೇರು ಇಳಿಸು ಅನ್ನಲಿಲ್ಲ. ಕತ್ತು ತಿರುಗಿಸಿ ಹಿಂದೆಯೇ ನೋಡುತ್ತಿದ್ದರು.

ಹಿರಿಯೂರು ಬಂದರೂ ಮನೆಯ ಕಡೆ ತಿರುಗಲಿಲ್ಲ. ನೇರ ಮಾರಿಕಣಿವೆಗೆ ಹೋದೆವು. ದಡದಲ್ಲಿ ಗಾಡಿಯನ್ನು ನೀರಿನ ಕಡೆಗೆ ಹಿಂದಕ್ಕೆ ಬಿಡಬೇಕಿತ್ತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ನನ್ನ ಉಳಿದ ಬುದ್ಧಿಯೂ ಕೆಟ್ಟಿತು. ಯಜಮಾನರು ಇಳಿದು ಹಿಂದೆ ನಿಂತು ಕಂಡಕ್ಟರಂತೆ, "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್," ಎಂದು ಕೂಗಿದರು. ನಾಲ್ಕನೇ ಸಲಕ್ಕೂ ಆಗಲಿಲ್ಲ. ಕೊನೆಗೆ ಅವರೇ ಬಂದು ಕೊಕ್ಕೆ ಬಿಡಿಸಿ, ಒಂದು ಕೈಯಲ್ಲಿ ಗಾಡಿಯನ್ನು ತಿರುಗಿಸಿ ನೀರಿನ ಅಂಚಿಗೆ ತಂದು ಮೂಕಿ ಮೇಲೆತ್ತಿದರು. ದೋಣಿ ತಾನೇ ಜಾರಿ ನೀರಿಗೆ ಹೋಯಿತು.

ಗಾಳಿ ನಿಂತಿತ್ತು. ಹತ್ತಿ ಕೂತು, ಹುಟ್ಟು ಹಾಕಿಕೊಂಡು ದಡದಿಂದ ಒಂದು ಕೂಗಿನಷ್ಟು ದೂರ ಹೋಗಿ ಗಾಳ ಬಿಟ್ಟೆ. ತಿಂಗಳುಗಳ ಮೇಲೆ ಆ ನೀರಿನ ವಾಸನೆ. ತಿರುಗಿ ನೋಡಿದರೆ ಯಜಮಾನರು ಪೇಪರ್ ಇಲ್ಲದೆ ಖಾಲಿ ಗಾಡಿಯ ಮೇಲೆಯೇ ಕೂತಿದ್ದರು. ಅವರ ಅಂಗಿಯ ಜೇಬಿನಲ್ಲಿ ನನ್ನ ಫೋನ್ ರಿಂಗಾಯಿತು. ಸಂಜೆಯ ನೀರಿನ ಮೇಲೆ ಮಾತು ಬಹಳ ದೂರ ಕೇಳುತ್ತದೆ.

"ಹಲೋ. ಹೌದ್ರಿ, ಅವ್ರದೇ ನಂಬರು," ಎಂದರು. "ಇಲ್ರಿ, ನಮ್ಮ ಮನೆಯೋರು ನೀರಲ್ಲಿ ಅವ್ರೆ. ಈಗ ಮಾತಾಡಾಕಾಗಲ್ಲ." ತುಮಕೂರಿನವರು ಅತ್ತಲಿಂದ ಏನೋ ಕೇಳಿದರು. ಯಜಮಾನರು ಎದ್ದು ನಿಂತು ನನ್ನ ಕಡೆ ನೋಡಿದರು.

"ದೋಣಿನಾ? ದೋಣಿನೂ ಅವ್ರ ಜೊತೆಗೇ ಐತ್ರಿ."